ಎಷ್ಟನೇ ಇಯತ್ತೆ?

ಧಾರವಾಡದಲ್ಲಿ ಹುಡುಗನೊಬ್ಬನ ಕೈ ಹಿಡಿದುಕೊಂಡು ಸಂತೆಗೋ ಗುಡಿಗೋ ಹೊರಟರೆ, ಗುರುತಿದ್ದವರು ಇಲ್ಲದವರು ಎಲ್ಲರೂ ಕೇಳುವುದು ಒಂದೇ ಮಾತು. "ಎಷ್ಟನೇ ಇಯತ್ತೆ ತಮ್ಮಾ?" ಹೆಸರು ಆಮೇಲೆ. ಒಮ್ಮೊಮ್ಮೆ ಹೆಸರು ಕೇಳುವುದೇ ಇಲ್ಲ. (ಮೈಸೂರು, ಬೆಂಗಳೂರು ಕಡೆಯವರಿಗೆ: ಇಯತ್ತೆ ಅಂದರೆ ತರಗತಿ. ಸಾಲಿ ಅಂದರೆ ಶಾಲೆ.) ಕೇಳುವವರದು ತಪ್ಪಲ್ಲ. ಮಕ್ಕಳ ಜೊತೆ ಮಾತು ಶುರು ಮಾಡೋಕೆ ದೊಡ್ಡವರಿಗೆ ಬೇರೆ ಏನೂ ಹೊಳೆಯುವುದಿಲ್ಲ, ಅಷ್ಟೇ. ಮಕ್ಕಳಾಗುವ ಮುಂಚೆ ನಾನೂ ಕಂಡ ಕಂಡ ಹುಡುಗರನ್ನು ಹಾಗೇ ಕೇಳುತ್ತಿದ್ದೆ.

ನನ್ನ ಮಗನಿಗೆ ಈಗ 11 ವರ್ಷ. ಮನೆಯಲ್ಲಿ ಪುಟ್ಯಾ ಅಂತ ಕರೆಯುತ್ತೇವೆ. ಅವನಿಗೆ ಆಟಿಸಂ ಇದೆ, ಅಂದರೆ ಮಾತು, ಸದ್ದು, ಜನರ ಜೊತೆ ಬೆರೆಯುವುದು ಎಲ್ಲವನ್ನೂ ಅವನ ಮಿದುಳು ಬೇರೆ ಥರ ಹಿಡಿಯುತ್ತದೆ. ಶಾಲೆಗೆ ಹೋಗುವುದಿಲ್ಲ. ಮನೆಯಲ್ಲೇ ಕಲಿಯುತ್ತಾನೆ.

ಅವನ ಇಯತ್ತೆ ಎಷ್ಟು ಅಂತ ನಿಜವಾಗಿ ಹೇಳಬೇಕಾದರೆ ಹೀಗೆ ಹೇಳಬೇಕಾಗುತ್ತದೆ. ಓದುವುದರಲ್ಲಿ ಐದನೇದು. ಕೂಡಿಸುವುದು ಕಳೆಯುವುದರಲ್ಲಿಯೂ ಐದು, ಆದರೆ ಅದೇ ಲೆಕ್ಕವನ್ನು ಕಥೆ ಮಾಡಿ ಹೇಳಿದರೆ ಒಂದನೇದು. ಅಂಗಿಯ ಗುಂಡಿ ಹಾಕಿಕೊಳ್ಳುವುದರಲ್ಲಿ ಇನ್ನೂ ಅಂಗನವಾಡಿ. ಬಸ್ಸಿನ ವಿಷಯದಲ್ಲಿ ಎಂ.ಎ. ಮುಗಿದಿದೆ. ಇದನ್ನೆಲ್ಲ ಜುಬಿಲಿ ಸರ್ಕಲ್‌ನಲ್ಲಿ ಕಾಯಿಪಲ್ಯೆ ಚೀಲ ಹಿಡಿದು ನಿಂತು ವಿವರಿಸೋಕಾಗುತ್ತಾ? "ಐದನೇ ಇಯತ್ತೆರಿ" ಅಂದು ಮುಂದೆ ಹೋಗಿಬಿಡುತ್ತೇನೆ.

ಪುಟ್ಯಾಗೆ 2 ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ, ನನ್ನ ಕೈಯನ್ನೇ ಹಿಡಿದು ಆ ವಸ್ತುವಿನ ಮೇಲೆ ಇಡುತ್ತಿದ್ದ. "ಗಂಡ್ಸಮಕ್ಕಳು ತಡಾ ಮಾತಾಡ್ತಾವ ಬಿಡವಾ" ಅಂದರು ನಮ್ಮ ಮಾವನವರು. ಅವರು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾಗಿ ನಿವೃತ್ತರಾದವರು, ಸಾವಿರಾರು ಮಕ್ಕಳನ್ನು ನೋಡಿದವರು. ನಂಬಿದೆವು. ಒಂದು ವರ್ಷ ಹಾಗೇ ಹೋಯಿತು. ಆ ವರ್ಷ ನನಗೆ ಇನ್ನೂ ಚುಚ್ಚುತ್ತದೆ, ಮಾವನವರಿಗೂ ಚುಚ್ಚುತ್ತದೆ. ನಾವಿಬ್ಬರೂ ಅದರ ಬಗ್ಗೆ ಮಾತಾಡುವುದಿಲ್ಲ.

ಶಾಲೆಗೂ ಹಾಕಿದ್ದೆವು. ಎರಡು ವರ್ಷ ಹೋದ ಕೂಡ. ಅಲ್ಲಿಯ ಟೀಚರ್ ಒಳ್ಳೆಯವರೇ. ಆದರೆ ಒಂದು ಕೋಣೆಯಲ್ಲಿ 40 ಮಕ್ಕಳು, ಮೇಲೆ ತಗಡು, ಮಳೆ ಬಂದರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಗಂಟೆ ಹೊಡೆದರೆ ಪುಟ್ಯಾ ಎರಡೂ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಹೋಗುತ್ತಿದ್ದ. ದಿನಕ್ಕೆ ಎಂಟು ಸಲ ಗಂಟೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಎಲ್ಲರ ಮಕ್ಕಳೂ ಮನೆಗೆ ಬಂದರು. ಶಾಲೆ ಮತ್ತೆ ತೆರೆದಾಗ ಎಲ್ಲರ ಮಕ್ಕಳೂ ಹೋದರು, ನಮಗೆ ಮಾತ್ರ ಫೋನ್ ಬಂತು. "ಮನ್ಯಾಗ ಛಲೋ ಕಲೀಲಿಕ್ಕತ್ತಾನಲ್ರಿ. ಅಲ್ಲೇ ಇರ್ಲಿ. ಇಲ್ಲಾಂದ್ರ ಅವನ ಬಾಜೂಕ ಕುಂಡ್ರಾಕ ಒಬ್ಬರನ್ನ ನೀವ ಇಟ್ಟುಕೋರಿ." ಅವರ ಸಂಬಳ ನಾವೇ ಕೊಡಬೇಕು. ನನ್ನ ಗಂಡನ ಸಂಬಳದ ಅರ್ಧ ಅದಕ್ಕೇ ಹೋಗುತ್ತಿತ್ತು.

ಮಾತು ಎಷ್ಟು ಮೆತ್ತಗೆ ಇತ್ತು ಅಂದರೆ, ಹೊರಗೆ ಹಾಕಿದರು ಅಂತ ತಿಳಿಯೋಕೆ ನನಗೆ ಎರಡು ದಿನ ಬೇಕಾಯಿತು.

ಕಾನೂನು ಏನು ಹೇಳುತ್ತದೆ ಅಂತ ಆಗ ಗೊತ್ತಿರಲಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಹಳೆಯ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇದ್ದವು, ಇದರಲ್ಲಿ 21 ಇವೆ. ಆಟಿಸಂ ಹೊಸದಾಗಿ ಸೇರಿದ್ದು ಇದರಲ್ಲೇ. ಸರ್ಕಾರದ್ದಿರಲಿ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದದ್ದಿರಲಿ, ಶಾಲೆಗಳು ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು. ಇನ್ನೊಂದು ಕಡೆ, ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂತು. ತೀವ್ರ ಅಂಗವೈಕಲ್ಯ ಅಥವಾ ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಗು ಬೇಕಿದ್ದರೆ ಮನೆಯಲ್ಲೇ ಕಲಿಯುವ ಹಕ್ಕು ಕೇಳಬಹುದು. ಬೇಕಿದ್ದರೆ ಅನ್ನುವುದನ್ನು ನಾನು ಎರಡು ಸಲ ಗೆರೆ ಎಳೆದು ಓದಿದೆ. ಬೇಕು ಅನ್ನಬೇಕಾದವರು ನಾವು, ಶಾಲೆಯಲ್ಲ. ಆ ಗಂಟೆಯ ಬದಲು ಬೇರೆ ಏನಾದರೂ ಮಾಡಿ, ಮೂಲೆಯಲ್ಲಿ ಸದ್ದಿಲ್ಲದ ಒಂದು ಜಾಗ ಕೊಟ್ಟಿದ್ದರೆ ನಾನು ಇವತ್ತಿಗೂ ಅವನನ್ನು ಶಾಲೆಗೇ ಕಳಿಸುತ್ತಿದ್ದೆ. ಮನೆಪಾಠದ ಬಗ್ಗೆ ದೊಡ್ಡ ದೊಡ್ಡ ಮಾತಾಡುವವರನ್ನು ಕಂಡರೆ ಅದಕ್ಕೇ ನನಗೆ ಸ್ವಲ್ಪ ಸಿಟ್ಟು. ನಾವು ಇದನ್ನು ಆರಿಸಿಕೊಂಡದ್ದಲ್ಲ. ಜಾರಿ ಬಿದ್ದದ್ದು.

ಮೊದಲ ವರ್ಷ ನಾನು ಮಾಡಿದ್ದು ಏನು ಗೊತ್ತಾ? ಮನೆಯನ್ನೇ ಸಾಲಿ ಮಾಡಿದೆ. ಪಡಸಾಲೆಯಲ್ಲಿ ಕರೀಹಲಗೆ ನೇತುಹಾಕಿದೆ. ಮಾವನವರು ತಮ್ಮ ಹಳೇ ಟ್ರಂಕಿನಿಂದ ಸೀಮೆಸುಣ್ಣದ ಡಬ್ಬಿ ತೆಗೆದುಕೊಟ್ಟರು. 10ರಿಂದ 11 ಕನ್ನಡ, 11ರಿಂದ 12 ಗಣಿತ. ಬೆನ್ನು ನೆಟ್ಟಗೆ ಮಾಡಿ ಕೂತುಕೋ, ನನ್ನ ಕಡೆ ನೋಡು. ಗಂಟೆಯೊಂದನ್ನು ಹೊಡೆಯಲಿಲ್ಲ, ಉಳಿದದ್ದೆಲ್ಲ ಮಾಡಿದೆ.

ಆ ವರ್ಷದ ಆಷಾಢ. ಹೊರಗೆ ನಮ್ಮ ಧಾರವಾಡದ ಜಿಟಿಜಿಟಿ ಮಳೆ, ಒಳಗೆ ಒಣಗದ ಬಟ್ಟೆಗಳ ವಾಸನೆ. ನಾನು ಕಥೆ ಲೆಕ್ಕ ಹೇಳಿಕೊಡುತ್ತಿದ್ದೆ. "ರಾಮನ ಹತ್ರ 5 ಮಾವಿನಹಣ್ಣು. 2 ಹಣ್ಣು ಗೀತಾಗ ಕೊಟ್ಟ. ರಾಮನ ಹತ್ರ ಎಷ್ಟು ಉಳದವು?" ಪುಟ್ಯಾ ಅಂದ, "ಗೀತಾ." ಮತ್ತೆ ಹೇಳಿದೆ. "ಮಾವಿನಹಣ್ಣು" ಅಂದ. ಮತ್ತೆ. ಮತ್ತೆ. ಹಲಗೆಯ ಮೇಲೆ 5 − 2 ಅಂತ ಬರೆದರೆ ಕಣ್ಣು ಮಿಟುಕಿಸುವುದರೊಳಗೆ 3 ಅನ್ನುವ ಹುಡುಗ. ಹಾಗಾದರೆ ಇದು ಯಾಕೆ ಬರುತ್ತಿಲ್ಲ? ಬೇಕಂತಲೇ ಮಾಡುತ್ತಿದ್ದಾನೆ ಅನ್ನಿಸಿತು. "ಎಷ್ಟ ಸಲ ಹೇಳಬೇಕು ನಿನಗ? ತಲ್ಯಾಗ ಏನ ಐತಿ?" ಅಂತ ಕೂಗಿ ಬೆನ್ನಿಗೆ ಹೊಡೆದೆ. ಜೋರಾಗಿಯೇ ಹೊಡೆದೆ.

ಅವನು ಅಳಲಿಲ್ಲ. ಎದ್ದು ಹೋಗಿ ಕಿಟಕಿಯ ಸರಳು ಹಿಡಿದು ನಿಂತ.

ಮೂರು ವಾರ ಆಗಿರಬೇಕು. ಬಚ್ಚಲಲ್ಲಿ ಅವನ ಕೈಯಿಂದ ತಂಬಿಗೆ ಜಾರಿ ಕಾಲ ಮೇಲೆ ಬಿತ್ತು. ಒಳಗಿಂದ ನನ್ನದೇ ದನಿ ಕೇಳಿಸಿತು. "ಎಷ್ಟ ಸಲ ಹೇಳಬೇಕು ನಿನಗ? ತಲ್ಯಾಗ ಏನ ಐತಿ?" ಅದೇ ಏರಿಳಿತ, ಕೊನೆಗೆ ಅದೇ ಸೀಳಿದ ಗಂಟಲು. ಕೇಳಿದ ಮಾತನ್ನು ಕೇಳಿದ ಹಾಗೇ ಮರಳಿ ಹೇಳುವುದು ಆಟಿಸಂ ಇರುವ ಬಹಳ ಮಕ್ಕಳಲ್ಲಿ ಇರುತ್ತದೆ. ಸುಮ್ನೆ ಗಿಣಿಪಾಠ ಅಲ್ಲ ಅದು. ನೋವಾದಾಗ ಹೇಳೋಕೆ ಅವನ ಹತ್ತಿರ ತನ್ನದೇ ಮಾತು ಇರಲಿಲ್ಲ, ನೋವಿನ ಜೊತೆ ಅಂಟಿಕೊಂಡಿದ್ದ ಮಾತು ಇದೊಂದೇ ಇತ್ತು, ಅದನ್ನೇ ಎತ್ತಿಕೊಂಡ. ಆಮೇಲೆ ಸುಮಾರು ಒಂದು ವರ್ಷ, ಮೊಣಕಾಲು ತರಚಿದರೆ, ಹೊಟ್ಟೆ ನೋವಾದರೆ, ಸೂಜಿ ಚುಚ್ಚಿಸಿಕೊಂಡರೆ, ಅದೇ ಮಾತು ನನ್ನ ದನಿಯಲ್ಲಿ. ಒಂದು ಸಲ ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಅಂದ. ಸುತ್ತಲಿದ್ದವರೆಲ್ಲ ನನ್ನನ್ನು ನೋಡಿದರು.

ತಂಬಿಗೆ ಬಿದ್ದ ದಿನ ಸಂಜೆ ಪಡಸಾಲೆಗೆ ಬಂದು ನೋಡಿದರೆ ಕರೀಹಲಗೆ ಇರಲಿಲ್ಲ. ಮಾವನವರು ಅಟ್ಟದ ಮೇಲೆ ಇಟ್ಟಿದ್ದರು. ನಾನು ಹೇಳಿರಲಿಲ್ಲ. ಅವರೂ ಏನೂ ಹೇಳಲಿಲ್ಲ.

ಈಗ ಬಸ್ಸಿನ ಕಥೆ.

ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು 2018ರಲ್ಲಿ ರಸ್ತೆಗಿಳಿದಾಗ ಪುಟ್ಯಾಗೆ 4 ವರ್ಷ. ರಸ್ತೆಯ ನಟ್ಟನಡುವೆ ಅದಕ್ಕೇ ಬೇರೆ ದಾರಿ, ನಡುವೆಯೇ ನಿಲ್ದಾಣ. ಬಸ್ಸಿನ ನೆಲ, ಕಟ್ಟೆಯ ನೆಲ ಒಂದೇ ಎತ್ತರ. ಬಾಗಿಲು ತಾನಾಗಿ ತೆರೆಯುತ್ತದೆ, ತಾನಾಗಿ ಮುಚ್ಚುತ್ತದೆ. ತಣ್ಣಗಿನ ಗಾಳಿ, ಕಿಟಕಿ ಮುಚ್ಚಿರುವುದರಿಂದ ಹಾರ್ನ್ ಸದ್ದು ದೂರ. ಎಲ್ಲಕ್ಕಿಂತ ಮುಖ್ಯ, ನಿಲ್ದಾಣಗಳು ದಿನಾ ಅದೇ ಸಾಲಿನಲ್ಲಿ ಬರುತ್ತವೆ. ಪುಟ್ಯಾನಂಥವನಿಗೆ ಇದಕ್ಕಿಂತ ಸುಖ ಏನಿದೆ?

ಹಲಗೆ ಅಟ್ಟಕ್ಕೆ ಹೋದ ಮೇಲೆ ಏನು ಮಾಡಬೇಕೋ ತೋಚದೆ, ಮಧ್ಯಾಹ್ನ ಗದ್ದಲ ಕಡಿಮೆ ಇರುವ ಹೊತ್ತಿಗೆ ಅವನನ್ನು ಚಿಗರಿ ಹತ್ತಿಸಿಕೊಂಡು ಹುಬ್ಬಳ್ಳಿಗೆ ಹೋಗಿ, ಇಳಿದು, ಮತ್ತೆ ಹತ್ತಿ ಬರೋದು ಶುರು ಮಾಡಿದೆ. ಕೆಲಸ ಏನೂ ಇಲ್ಲ. ಸುಮ್ನೆ ಹೋಗೋದು, ಬರೋದು. ನಿಲ್ದಾಣದ ಹೆಸರು ಕೂಗುವ ದನಿ ಅವನಿಗೆ ಬಾಯಿಪಾಠ ಆಯಿತು. ಅಡುಗೆಮನೆಯಲ್ಲಿ ಕೂತು, "ಮುಂದಿನ ನಿಲ್ದಾಣ... ಸತ್ತೂರು" ಅನ್ನುತ್ತಿದ್ದ. ಒಂದು ದಿನ ಬಸ್ಸಿನ ಕಿಟಕಿಗೆ ಮೂಗು ಹಚ್ಚಿ ಹೊರಗಿನ ಫಲಕದ ಮೇಲಿನ ಅಕ್ಷರವನ್ನು ಗಾಜಿನ ಮೇಲೆ ಬೆರಳಿಂದ ಬರೆಯುತ್ತಿದ್ದ. ಸ. ಆಮೇಲೆ ತ. ಅದರ ಕೆಳಗೆ ಇನ್ನೊಂದು ತ.

ನಾನು ಎಂಟು ತಿಂಗಳಿಂದ ಒತ್ತಕ್ಷರ ಕಲಿಸೋಕೆ ಒದ್ದಾಡಿದ್ದೆ. ಅಕ್ಕ, ಅಣ್ಣ, ಅಜ್ಜ ಅಂತ. ಬಸ್ಸು ಅದನ್ನು ಒಂದೇ ದಾರಿಯಲ್ಲಿ ಕೊಟ್ಟಿತು. ಸತ್ತೂರಿನಲ್ಲಿ ತ-ಕಾರಕ್ಕೆ ತ-ಕಾರದ್ದೇ ಒತ್ತು. ವಿದ್ಯಾಗಿರಿಯಲ್ಲಿ ದ-ಕಾರಕ್ಕೆ ಯ-ಕಾರದ ಒತ್ತು, ಅಂದರೆ ಒತ್ತು ಬೇರೆ ಅಕ್ಷರದ್ದೂ ಆಗಬಹುದು. ಸರ್ಕಲ್‌ನಲ್ಲಿ ಅರ್ಕಾವೊತ್ತು. ಭೈರಿದೇವರಕೊಪ್ಪದಲ್ಲಿ ಹೊಟ್ಟೆ ಸೀಳಿದ ಭ, ಐತ್ವ, ಕೊನೆಗೆ ಪ್ಪ. ಅವನಿಗೆ ಬಹಳ ಪ್ರೀತಿಯ ಹೆಸರು ಅದು, ಉದ್ದ ಇದೆ ಅಂತ. ಉಣಕಲ್‌ನಲ್ಲಿ ಕೊನೆಯ ಅಕ್ಷರಕ್ಕೆ ಸ್ವರವೇ ಇಲ್ಲ. ಹುಬ್ಬಳ್ಳಿಗೆ ಬರುವ ಹೊತ್ತಿಗೆ ಎರಡು ಒತ್ತು ಒಟ್ಟಿಗೆ. ಮನೆಯಲ್ಲಿ ರಟ್ಟು ಕತ್ತರಿಸಿ ನಿಲ್ದಾಣದ ಹೆಸರು ಬರೆದು ಚೀಟಿ ಮಾಡಿದೆ. ನೆಲದ ಮೇಲೆ ಸಾಲಾಗಿ ಜೋಡಿಸುವುದು ಆಟ. ಬೇಕಂತಲೇ ನವನಗರವನ್ನು ರಾಯಾಪುರದ ಮುಂಚೆ ಇಟ್ಟರೆ ಸಿಟ್ಟಿಗೆದ್ದು ಸರಿ ಮಾಡುತ್ತಾನೆ. ಸರಿ ಮಾಡಬೇಕಾದರೆ ಓದಲೇಬೇಕಲ್ಲ? 8ನೇ ವಯಸ್ಸಿಗೆ ಪುಟ್ಯಾ ಕನ್ನಡ ಓದಿದ. ಮೊದಲು ಓದಿದ ಪುಸ್ತಕ ಬಸ್ಸಿನ ವೇಳಾಪಟ್ಟಿ.

ಕನ್ನಡದ ಬಗ್ಗೆ ಇನ್ನೊಂದು ಮಾತು. ಮೊದಮೊದಲು ಒಬ್ಬರು, "ಮನೆಯಲ್ಲಿ ಒಂದೇ ಭಾಷೆ ಮಾತಾಡಿ, ಇಂಗ್ಲಿಷ್ ಆದರೆ ಶಾಲೆಗೂ ಅನುಕೂಲ" ಅಂತ ಸಲಹೆ ಕೊಟ್ಟಿದ್ದರು. ಆರು ತಿಂಗಳು ನಮ್ಮ ಮನೆಯಲ್ಲಿ ನಡೆದ ಇಂಗ್ಲಿಷ್ ದೇವರಿಗೇ ಪ್ರೀತಿ. ನಮ್ಮ ಅತ್ತೆ "ವಾಟರ್ ಕುಡೀತಿಯೇನಪಾ" ಅನ್ನುತ್ತಿದ್ದರು. ಎರಡು ಭಾಷೆ ಕಿವಿಗೆ ಬಿದ್ದರೆ ಇಂಥ ಮಕ್ಕಳ ಮಾತು ಕೆಡುವುದಿಲ್ಲ ಅಂತ ಈಗ ಹಲವು ಅಧ್ಯಯನಗಳು ಹೇಳುತ್ತವೆ. ನಮಗೆ ಅಧ್ಯಯನ ಬೇಕಾಗಲಿಲ್ಲ, ನಾಚಿಕೆಯಾಗಿ ಬಿಟ್ಟೆವು. ಬಿಟ್ಟ ಮೇಲೆ ಒಂದು ವಿಷಯ ಹೊಳೆಯಿತು. ಪುಟ್ಯಾಗೆ ನಾನು, ನೀನು ತಿರುವುಮುರುವು ಆಗುತ್ತಿತ್ತು. ನಾವು ಅವನನ್ನು "ನಿನಗ ನೀರ ಬೇಕೇನು?" ಅಂತ ಕೇಳುತ್ತೇವೆ, ಅವನು ತನಗೆ ಬೇಕಾದಾಗಲೂ "ನಿನಗ ನೀರ ಬೇಕೇನು?" ಅನ್ನುತ್ತಿದ್ದ. ಇಂಗ್ಲಿಷಿನಲ್ಲಿ ಆ 'ನಾನು' ಇಲ್ಲದೆ ವಾಕ್ಯವೇ ಆಗುವುದಿಲ್ಲ. ಕನ್ನಡದಲ್ಲಿ 'ನೀರು ಬೇಕು' ಅಂದರೆ ಮುಗಿಯಿತು. ಯಾರಿಗೆ ಅಂತ ಹೇಳುವ ಹಂಗೇ ಇಲ್ಲ. ನೀರು ಬೇಕು, ಅನ್ನ ಬೇಕು, ಸದ್ದು ಬ್ಯಾಡ. ಎರಡೆರಡೇ ಪದ. ಅವನು ಸ್ವಂತವಾಗಿ ಹೇಳಿದ ಮೊದಲ ವಾಕ್ಯ, "ರೊಟ್ಟಿ ಬ್ಯಾಡ." ನನ್ನ ರೊಟ್ಟಿಯ ಬಗ್ಗೆ ಅಷ್ಟು ಕೆಟ್ಟ ಮಾತನ್ನು ಕೇಳಿ ಅಷ್ಟು ಖುಷಿಪಟ್ಟ ಹೆಂಗಸು ಬೇರೆ ಯಾರೂ ಇರಲಿಕ್ಕಿಲ್ಲ.

ನಮ್ಮ ಗೋಡೆಯ ಮೇಲೆ ದಿನದ ಪಟ್ಟಿ ಇದೆ. ಚಿತ್ರದ ಚೀಟಿಗಳು, ಮೇಲಿಂದ ಕೆಳಗೆ: ಹಲ್ಲು ಉಜ್ಜುವುದು, ಸ್ನಾನ, ನಾಷ್ಟಾ, ಓದು, ಜೋಕಾಲಿ, ಊಟ, ಬಸ್ಸು. ಮುಗಿದದ್ದನ್ನು ತೆಗೆದು ಕೆಳಗಿನ ಡಬ್ಬಿಗೆ ಹಾಕುತ್ತಾನೆ. ಮುಂದೆ ಏನು ಅಂತ ಕಣ್ಣಿಗೆ ಕಂಡರೆ ಅವನಿಗೆ ಗಾಬರಿ ಇಲ್ಲ. ಇದು ಎಲ್ಲ ಥೆರಪಿಸ್ಟರೂ ಹೇಳುವ ಉಪಾಯ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇದನ್ನು ಕಂಡುಹಿಡಿದವರು ಹುಬ್ಬಳ್ಳಿ ಧಾರವಾಡದಲ್ಲಿ ಇದ್ದವರಲ್ಲ. ಯಾಕೆಂದರೆ ಇದರಲ್ಲಿ ನೀರು ಬರುವ ದಿನಕ್ಕೆ ಜಾಗ ಇರಲಿಲ್ಲ.

ಊರಿನ ಕೆಲವು ವಾರ್ಡುಗಳಿಗೆ 24 ತಾಸು ನೀರು ಬರುತ್ತದೆ. ನಮ್ಮ ಓಣಿ ಆ ಪುಣ್ಯ ಮಾಡಿಲ್ಲ. ಐದು ದಿನಕ್ಕೋ ಏಳು ದಿನಕ್ಕೋ ಒಮ್ಮೆ, ನಸುಕಿನಲ್ಲೋ ನಡುಮಧ್ಯಾಹ್ನವೋ. ನಳಾ ಬಂತು ಅಂದರೆ ಮನೆಯಲ್ಲಿ ಮಿಕ್ಕಿದ್ದೆಲ್ಲ ಬಂದ್. ಕೊಡ, ಬ್ಯಾರಲ್, ಹಂಡೆ, ಮೋಟಾರಿನ ಸದ್ದು. ಓದಿನ ಹೊತ್ತಿನಲ್ಲಿ ನಾನು ದಡಕ್ಕನೆ ಎದ್ದು ಓಡಿದರೆ ಪುಟ್ಯಾ ಕೈ ಕಚ್ಚಿಕೊಂಡು ಚೀರುತ್ತಿದ್ದ. ನಳದ ಚೀಟಿಯೊಂದನ್ನು ಮಾಡಿದೆ. ಆದರೆ ಯಾವ ದಿನ ಹಚ್ಚಬೇಕು?

ಅದಕ್ಕೆ ದಾರಿ ಹುಡುಕಿದವನು ಅವನೇ. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ನೀರು ಬಂದ ದಿನ 'ನೀ' ಅಂತ ಬರೆಯತೊಡಗಿದ. ನಾನು ಕೇಳಿದೆ, ಹೋದ 'ನೀ' ಯಾವಾಗ? 8. ಈ 'ನೀ'? 14. ನಡುವೆ ಎಷ್ಟು? 6. ಕಳೆಯುವ ಲೆಕ್ಕ ಬಂತು. 28ಕ್ಕೆ ಬಂದದ್ದು ಮುಂದಿನ ತಿಂಗಳು 4ಕ್ಕೆ ಬಂದಾಗ ಒಂದು ವಾರ ತಲೆ ಕೆಡಿಸಿಕೊಂಡ. 30ರ ತಿಂಗಳು, 31ರ ತಿಂಗಳು ಅಂತ ಎರಡು ಪಟ್ಟಿ ಮಾಡಿ ಕ್ಯಾಲೆಂಡರಿನ ಹಿಂದೆ ಅಂಟಿಸಿದ ಮೇಲೆ ಸಮಾಧಾನ. ರಾಮನ ಮಾವಿನಹಣ್ಣು ಇವತ್ತಿಗೂ ಆಗುವುದಿಲ್ಲ. ರಾಮ ಯಾರು, ಅವನು ಗೀತಾಗೆ ಯಾಕೆ ಕೊಟ್ಟ, ಅದರಿಂದ ನಮಗೇನು? ನೀರಿನ ಲೆಕ್ಕ ಮಾತ್ರ ತಪ್ಪುವುದಿಲ್ಲ.

ಪಕ್ಕದ ಮನೆಯ ಅಕ್ಕ ಈಗ ಕಂಪೌಂಡಿನ ಮೇಲಿಂದ ಬಗ್ಗಿ ಅವನನ್ನೇ ಕೇಳುತ್ತಾರೆ. "ತಮ್ಮಾ, ನೀರ ಎಂದ ಬರ್ತಾವೋ?" ಪುಟ್ಯಾ ಅವರ ಮುಖ ನೋಡುವುದಿಲ್ಲ. ಅವರ ಬೇಲಿಯ ದಾಸವಾಳ ನೋಡುತ್ತಾ, "ಗುರುವಾರ ಇಲ್ಲಾ ಶುಕ್ರವಾರ" ಅನ್ನುತ್ತಾನೆ. ಮೂರು ಮನೆಯವರು ಅವನ ಮಾತಿನ ಮೇಲೆ ಬಟ್ಟೆ ನೆನೆಸುತ್ತಾರೆ. ಮೂರು ಮನೆಯವರೂ ಅವನಿಗೆ ಇಯತ್ತೆ ಕೇಳುವುದನ್ನು ಬಿಟ್ಟಿದ್ದಾರೆ.

ಎಲ್ಲ ಸುಖ ಅಂತಲ್ಲ. ಒಮ್ಮೆ ಎಲ್ಲೋ ದೊಡ್ಡ ಪೈಪ್ ಒಡೆದು 11 ದಿನ ನೀರಿಲ್ಲ. ಏಳನೇ ದಿನದಿಂದ ಅವನು ನಿದ್ದೆ ಬಿಟ್ಟ. ಲೆಕ್ಕ ಸುಳ್ಳಾದದ್ದನ್ನು ತಡೆದುಕೊಳ್ಳೋಕಾಗದೆ ತಲೆಯನ್ನು ಗೋಡೆಗೆ ಬಡಿದುಕೊಂಡ. ಅವನ ತಲೆ ಮತ್ತು ಗೋಡೆಯ ನಡುವೆ ದಿಂಬು ಹಿಡಿದು ನಾನೂ ಅವನಪ್ಪನೂ ಪಾಳಿ ಮೇಲೆ ಕೂತೆವು. ಆಮೇಲೆ ಒಂದು ಬಿಳೀ ಚೀಟಿ ಮಾಡಿದೆ, ಅದರ ಮೇಲೆ ಚಿತ್ರ ಇಲ್ಲ, 'ಗೊತ್ತಿಲ್ಲ' ಅಂತ ಮಾತ್ರ. ಅದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಹರಿದು ಹಾಕಿದ. ಮತ್ತೆ ಮಾಡಿದೆ. ಆರು ಚೀಟಿ ಹರಿದ. ಏಳನೆಯದು ಈಗ ಎರಡು ವರ್ಷದಿಂದ ಇದೆ, ಮೂಲೆ ಎಲ್ಲ ಸವೆದಿದೆ. ಒಮ್ಮೊಮ್ಮೆ ಅವನೇ ತೆಗೆದು ಗೋಡೆಗೆ ಹಚ್ಚುತ್ತಾನೆ.

ಜೋಕಾಲಿಯ ಚೀಟಿ ಅಂದೆನಲ್ಲ. ಹುಬ್ಬಳ್ಳಿಯ ಥೆರಪಿ ಕೇಂದ್ರದಲ್ಲಿ ಮೊದಲು ನೋಡಿದಾಗ ಚಾವಣಿಗೆ ಹಗ್ಗ ಕಟ್ಟಿ ಹಲಗೆ ಇಳಿಬಿಟ್ಟಿದ್ದರು. ಅತ್ತೆಗೆ ನಗು. "ಪಂಚಮಿ ಜೋಕಾಲಿಗೆ ರೊಕ್ಕಾ ಕೊಡಾಕತ್ತೀರೇನು?" ನನ್ನ ತವರು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಪಂಚಮಿಗೆ ಹೋದಾಗ ಅಣ್ಣ ಬೇವಿನ ಮರಕ್ಕೆ ಹಗ್ಗ ಬಿಗಿದಿದ್ದ. ಪುಟ್ಯಾ ಹತ್ತಿದವನು ಇಳಿಯಲಿಲ್ಲ. ಶೇಂಗಾ ಉಂಡಿ, ತಂಬಿಟ್ಟು ಯಾವುದಕ್ಕೂ ಇಳಿಯಲಿಲ್ಲ. ನೋಡಿದಿರಾ, ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಅಂತ ಇಲ್ಲಿ ಬರೆಯುವುದು ಸುಲಭ. ಆದರೆ ಆ ರಾತ್ರಿ ಅವನು ಎರಡು ಗಂಟೆಯವರೆಗೂ ಮಲಗಲಿಲ್ಲ, ಕುಣಿದ, ನಕ್ಕ, ಕೊನೆಗೆ ಅತ್ತ. ಹುಡುಗರು ಹಗ್ಗ ತಿರುಚಿ ಗರಗರ ಬಿಟ್ಟಿದ್ದರಂತೆ. ಥೆರಪಿಸ್ಟರು ವಿವರಿಸಿದರು: ಮುಂದೆ ಹಿಂದೆ ನಿಧಾನ ತೂಗಿದರೆ ಮೈ ತಣ್ಣಗಾಗುತ್ತದೆ, ಗರಗರ ತಿರುಗಿಸಿದರೆ ಕೆರಳುತ್ತದೆ. ಎಷ್ಟು ಹೊತ್ತು, ಯಾವಾಗ, ಅದೇ ವಿದ್ಯೆ. ರೊಕ್ಕ ಕೊಡುವುದು ಹಗ್ಗಕ್ಕಲ್ಲ. ಈಗ ನಮ್ಮ ಹಿತ್ತಲಲ್ಲಿ ಜೋಕಾಲಿ ಇದೆ. ಓದಿಗೆ ಕೂರುವ ಮುಂಚೆ 10 ನಿಮಿಷ.

ಅತ್ತೆಯ ಕೊಡುಗೆ ಬೇರೆ ಇದೆ. ಅವರು ಕಸೂತಿ ಹಾಕುತ್ತಾರೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಗಂಟು ಇರುವುದಿಲ್ಲ. ಗವಂತಿ, ಮುರಗಿ ಹೊಲಿಗೆಯಲ್ಲಿ ಬಟ್ಟೆಯ ಮೇಲೂ ಕೆಳಗೂ ಚಿತ್ರ ಒಂದೇ ಥರ ಬರಬೇಕು, ಹೊರಟ ದಾರ ಸುತ್ತಿಕೊಂಡು ಹೊರಟಲ್ಲಿಗೇ ಬರಬೇಕು. ಪುಟ್ಯಾ ಪೆನ್ಸಿಲ್ ಹಿಡಿದರೆ ಎರಡು ಸಾಲಿಗೆ ಬೆರಳು ಸೋಲುತ್ತಿದ್ದವು. ಎಳೆ ಎದ್ದು ಕಾಣುವ ಮ್ಯಾಟಿ ಬಟ್ಟೆಯ ಮೇಲೆ ದಪ್ಪ ಸೂಜಿ ಹಿಡಿದು ಅಜ್ಜಿಯ ಮಗ್ಗುಲಿಗೆ ಕೂತರೆ ಮುಕ್ಕಾಲು ತಾಸು ಏಳುವುದಿಲ್ಲ. "ನಾಕ ಎಳಿ ಮ್ಯಾಲ, ನಾಕ ಎಳಿ ಕೆಳಗ" ಅಂತ ಇಬ್ಬರೂ ಗುನುಗುತ್ತಾರೆ. ನಾಲ್ಕರ ಮಗ್ಗಿ ಅಲ್ಲೇ ಬಂತು. ಗಂಡುಹುಡುಗನಿಗೆ ಕಸೂತಿ ಯಾಕೆ ಅಂದ ನೆಂಟರೊಬ್ಬರಿಗೆ ಅತ್ತೆ ಏನು ಉತ್ತರ ಕೊಟ್ಟರು ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಹೋದ ವರ್ಷ ಗದಗಿಗೆ ಹೋಗಿದ್ದಾಗ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿದ್ದೆವು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಅವರ ಶಿಷ್ಯ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದ ಜಾಗ. ಎಷ್ಟೋ ಅಂಧ ಮಕ್ಕಳು ಅಲ್ಲಿ ಸಂಗೀತ ಕಲಿತು ಬದುಕು ಕಂಡುಕೊಂಡಿದ್ದಾರೆ. ಒಬ್ಬ ದೊಡ್ಡ ಹುಡುಗ ಸಣ್ಣವನ ಬೆರಳು ಹಿಡಿದು ಹಾರ್ಮೋನಿಯಂ ಮನೆಗಳ ಮೇಲೆ ಒಂದೊಂದಾಗಿ ಇಡುತ್ತಿದ್ದ. ನಾನು ಕಣ್ಣು ತುಂಬಿಕೊಂಡು ನಿಂತಿದ್ದೆ. ಅಷ್ಟರಲ್ಲಿ ತಬಲಾ ಶುರುವಾಯಿತು. ಪುಟ್ಯಾ ಕಿವಿ ಮುಚ್ಚಿಕೊಂಡು ಹೊರಗೆ ಓಡಿದ. ನಾನೂ ಓಡಿದೆ. ಹತ್ತೇ ನಿಮಿಷದ ಪುಣ್ಯ. ಒಂದು ಮಗುವಿಗೆ ಬಾಗಿಲಾದದ್ದು ಇನ್ನೊಂದಕ್ಕೆ ಗೋಡೆ. ನಾವು 'ವಿಶೇಷ ಮಕ್ಕಳು' ಅಂತ ಒಂದೇ ಚೀಲದಲ್ಲಿ ಎಲ್ಲರನ್ನೂ ತುಂಬಿಬಿಡುತ್ತೇವೆ.

ಮುಂದೆ ಏನು ಅಂತ ಕೇಳುತ್ತಾರೆ. 14 ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿಗೆ ಹೆಸರು ಹಚ್ಚಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಎಲ್ಲ ವಿಷಯ ಒಟ್ಟಿಗೆ ಕಟ್ಟಬೇಕಾಗಿಲ್ಲ, 5 ವರ್ಷದೊಳಗೆ ಒಂದೊಂದಾಗಿ ಮುಗಿಸಬಹುದು. ಚಿತ್ರಕಲೆಯೂ ಒಂದು ವಿಷಯ. ಅದು ಆದರೆ ಆಯಿತು. ಆಗದಿದ್ದರೆ, ಬಿಳೀ ಚೀಟಿ.

ನನಗೂ ಒಂದು ಕೆಲಸ ಇತ್ತು, ಬಿಟ್ಟೆ. ಮಧ್ಯಾಹ್ನ ಮೂರರ ಹೊತ್ತಿಗೆ ಎದುರು ಮನೆಯ ಮಕ್ಕಳು ಯೂನಿಫಾರ್ಮಿನಲ್ಲಿ ಗಲಾಟೆ ಮಾಡುತ್ತಾ ಬರುವುದನ್ನು ನೋಡಿದರೆ ಇವತ್ತಿಗೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಪುಟ್ಯಾಗೆ ಅವನ ವಯಸ್ಸಿನ ಗೆಳೆಯರಿಲ್ಲ. ಬಸ್ಸು, ಅಜ್ಜಿ, ನಾನು. ಮನೆಯಲ್ಲಿ ಏನೆಲ್ಲ ಕಲಿಸಬಹುದು, ಇನ್ನೊಬ್ಬ ಹುಡುಗನ ಜೊತೆ ಜಗಳ ಆಡುವುದನ್ನು ಕಲಿಸೋಕಾಗುವುದಿಲ್ಲ. ನಮ್ಮ ನಂತರ ಯಾರು ಅನ್ನುವುದನ್ನು ರಾತ್ರಿ ಹೊತ್ತು ಯೋಚಿಸಬಾರದು ಅಂತ ನಾನೂ ನನ್ನ ಗಂಡನೂ ಒಪ್ಪಂದ ಮಾಡಿಕೊಂಡಿದ್ದೇವೆ. ಹಗಲು ಹೊತ್ತಿನಲ್ಲಿ ಪುರಸೊತ್ತಿಲ್ಲ.

ಮೊನ್ನೆ ಚಿಗರಿಯಲ್ಲಿ ಪುಟ್ಯಾನ ಮಗ್ಗುಲಿಗೆ ಒಬ್ಬ ಅಜ್ಜ ಬಂದು ಕೂತರು. ಧೋತರ, ಟೊಪ್ಪಿಗೆ, ಕಾಲ ಬಳಿ ಪೇರಲಹಣ್ಣಿನ ಬುಟ್ಟಿ. ಧಾರವಾಡದಲ್ಲಿ ಮಾರಿ ಉಳಿದದ್ದು ನಾಲ್ಕೈದು ತಳದಲ್ಲಿ ಉರುಳಾಡುತ್ತಿದ್ದವು. ನಾನು ಹಿಂದಿನ ಸೀಟಿನಲ್ಲಿದ್ದೆ. ಸತ್ತೂರು ದಾಟಿತು. ಅಜ್ಜ ಪುಟ್ಯಾನ ತೊಡೆ ತಟ್ಟಿದರು. ನನಗೆ ಗೊತ್ತಿತ್ತು ಏನು ಬರುತ್ತದೆ ಅಂತ.

"ಎಷ್ಟನೇ ಇಯತ್ತೆ ತಮ್ಮಾ? ಯಾ ಸಾಲಿ?"

ಪುಟ್ಯಾ ಕಿಟಕಿ ನೋಡುತ್ತಾ ಅಂದ, "ಮುಂದಿನ ನಿಲ್ದಾಣ ನವಲೂರು."

"ನವಲೂರ ಸಾಲ್ಯಾಗೇನು?" ಅಜ್ಜನಿಗೆ ಭಾರೀ ಖುಷಿ. "ನಾನೂ ಅಲ್ಲೇ ಕಲತಾಂವ ನೋಡು. ನಾಕನೇ ಇಯತ್ತೆಗೆ ಬಿಟ್ಟೆ. ಎಮ್ಮಿ ಕಾಯಾವ್ರು ಯಾರೂ ಇರ್ಲಿಲ್ಲ."

"ನಂತರ ರಾಯಾಪುರ" ಅಂದ ಪುಟ್ಯಾ.

"ಹೌದಪಾ, ಮುಂದ ರಾಯಾಪುರಕ್ಕ ಹೋಗಬೇಕು, ದೊಡ್ಡ ಸಾಲಿಗೆ" ಅಂದರು ಅಜ್ಜ.

ನಾನು ಬಾಯಿ ತೆರೆದವಳು ಸುಮ್ಮನಾದೆ. ಬಾಗಿಲು ತೆರೆಯಿತು. ಅಜ್ಜ ಇಳಿಯುವ ಮುಂಚೆ ಬುಟ್ಟಿಯಿಂದ ದೊಡ್ಡದೊಂದು ಹಣ್ಣು ಆರಿಸಿ ಅವನ ಕೈಗಿಟ್ಟರು. ಪುಟ್ಯಾ ಅದನ್ನು ಹುಬ್ಬಳ್ಳಿಯವರೆಗೂ, ಮತ್ತೆ ಅಲ್ಲಿಂದ ಧಾರವಾಡದವರೆಗೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತ. ಅವನು ಪೇರಲ ತಿನ್ನುವುದಿಲ್ಲ, ಬೀಜ ಹಲ್ಲಿಗೆ ಸಿಕ್ಕಿ ಕರಕರ ಅನ್ನುತ್ತವೆ. ಮನೆಗೆ ಬಂದ ಮೇಲೆ ಉಪ್ಪು ಖಾರ ಹಚ್ಚಿಕೊಂಡು ನಾನೇ ತಿಂದೆ. ಛಲೋ ಇತ್ತು.